ಹೊಸ ಹಾಡು, ಹಳೇ ತಕರಾರು



ಮೆಚ್ಚಿನ ಹಾಡುಗಾರರು ಹೊಸ ಆಲ್ಬಂ ತಂದಾಗ ಮೊದಲು ಮುನಿಸಿಕೊಳ್ಳುವವರು ಯಾರು? ಅವರನ್ನು ಕಂಡರಾಗದವರಲ್ಲ, ಅಂಥವರು ಕೇಳುವ ಗೋಜಿಗೇ ಹೋಗುವುದಿಲ್ಲ. ಮುನಿಸಿಕೊಳ್ಳುವವರು ಅಭಿಮಾನಿಗಳು. ಬಿಡುಗಡೆಯಾದ ದಿನವೇ ತಂದು, ಮೊದಲಿಂದ ಕೊನೆಯವರೆಗೆ ಕೇಳಿ, ಇನ್ನೊಮ್ಮೆ ಹಾಕಿ ಕೇಳಿ, ಆಮೇಲೆ ‘ಯಾಕೋ ಇವರು ಮೊದಲಿನಂತಿಲ್ಲ’ ಎಂದು ಮುಖ ಸಣ್ಣಗೆ ಮಾಡಿಕೊಳ್ಳುವವರು. ಈ ಮುನಿಸಿನ ಒಳಹೊಕ್ಕು ನೋಡಲು ನಾನು ಇವತ್ತು ಆರಿಸಿಕೊಂಡಿರುವುದು ಅಮೆರಿಕದ ಷಿಕಾಗೊ ನಗರದ ‘ವಿಲ್ಕೊ’ ಎಂಬ ತಂಡವನ್ನು. 1995ರಿಂದ 2023ರವರೆಗೆ ಈ ತಂಡ ತಂದದ್ದು 13 ಆಲ್ಬಂ. ಅಭಿಮಾನಿಗಳಲ್ಲಿ ಜಗಳ ಹಚ್ಚದೆ ಹೊರಬಂದದ್ದು ಅವುಗಳಲ್ಲಿ ಒಂದಾದರೂ ಇದೆಯೋ ಇಲ್ಲವೋ.

ಈ ತಂಡದ ಸಂಗೀತವನ್ನು ಆಲ್ಟರ್ನೇಟಿವ್ ಕಂಟ್ರಿ ಎನ್ನುತ್ತಾರೆ. ಕಂಟ್ರಿ ಎಂದರೆ ಅಮೆರಿಕದ ದಕ್ಷಿಣದ ಗುಡ್ಡಗಾಡಿನವರ, ಹೊಲಮನೆಯವರ, ಗಣಿ ಕೂಲಿಗಳ ಹಾಡು. ಯುರೋಪಿನಿಂದ ಬಂದವರ ಪಿಟೀಲು, ಆಫ್ರಿಕಾದಿಂದ ಹಿಡಿದು ತಂದವರ ಬ್ಯಾಂಜೊ, ಚರ್ಚಿನ ಪದಗಳು ಎಲ್ಲ ಬೆರೆತು ಆದದ್ದು. ಅದನ್ನು ಊರೂರಿಗೆ ಮುಟ್ಟಿಸಿದ್ದು ರೇಡಿಯೋ. ನ್ಯಾಶ್‌ವಿಲ್‌ನ ಡಬ್ಲ್ಯುಎಸ್‌ಎಂ ನಿಲಯ 1925ರಲ್ಲಿ ಶುರುಮಾಡಿದ ಶನಿವಾರ ರಾತ್ರಿಯ ಹಾಡಿನ ಕಾರ್ಯಕ್ರಮ ಇವತ್ತಿಗೂ ನಡೆದಿದೆ, ‘ಗ್ರ್ಯಾಂಡ್ ಓಲ್ ಓಪ್ರಿ’ ಎಂಬ ಹೆಸರಿನಲ್ಲಿ. ವರ್ಜೀನಿಯಾದ ಬೆಟ್ಟದ ಕಡೆಯ ಕಾರ್ಟರ್ ಕುಟುಂಬದವರು 1927ರಲ್ಲಿ ಬ್ರಿಸ್ಟಲ್ ಎಂಬ ಊರಿನಲ್ಲಿ ಮೊದಲ ಧ್ವನಿಮುದ್ರಣ ಮಾಡಿಸಿದರು. ಹತ್ತು ಹನ್ನೊಂದು ವರ್ಷದ ನಂತರ ಮೆಕ್ಸಿಕೋ ಗಡಿಯಾಚೆಯ ಒಂದು ಭಾರೀ ಶಕ್ತಿಯ ನಿಲಯದಿಂದ ಹಾಡಿದರು. ಅಲ್ಲಿಂದ ಅವರ ದನಿ ಅಮೆರಿಕದ ಮೂಲೆಮೂಲೆಗೂ ಹೋಯಿತು.

1980ರ ದಶಕದ ಹೊತ್ತಿಗೆ ನ್ಯಾಶ್‌ವಿಲ್‌ನ ಕಂಟ್ರಿ ಮಿರಮಿರ ಮಿಂಚುವ ವ್ಯಾಪಾರವಾಗಿತ್ತು. ಆಗ ಇಲಿನಾಯ್ ರಾಜ್ಯದ ಬೆಲ್‌ವಿಲ್‌ನಲ್ಲಿ, ಅಂದರೆ ಮಿಸ್ಸಿಸಿಪ್ಪಿ ಹೊಳೆ ದಾಟಿದರೆ ಸೇಂಟ್ ಲೂಯಿ ನಗರ ಸಿಗುವಂಥ ಊರಿನಲ್ಲಿ, ಜೇ ಫರಾರ್ ಮತ್ತು ಜೆಫ್ ಟ್ವೀಡಿ ಎಂಬ ಇಬ್ಬರು ಹುಡುಗರಿದ್ದರು. ಪಂಕ್ ರಾಕ್‌ನ ಅಬ್ಬರ ಕೇಳಿ ಬೆಳೆದವರು. ಇವರು ಕಟ್ಟಿದ ‘ಅಂಕಲ್ ಟುಪೆಲೊ’ ತಂಡ 1990ರಲ್ಲಿ ‘ನೋ ಡಿಪ್ರೆಶನ್’ ಎಂಬ ಆಲ್ಬಂ ತಂದಿತು. ಅದು ಕಾರ್ಟರ್ ಕುಟುಂಬದವರು 1936ರಲ್ಲಿ ಹಾಡಿದ್ದ ಒಂದು ಹಾಡಿನಿಂದ ಬಂದ ಹೆಸರು. ಪಂಕ್‌ನ ಸಿಟ್ಟಿನಲ್ಲಿ ಅಜ್ಜಂದಿರ ಹಾಡು. ಅದಾದ ಎರಡು ವರ್ಷಕ್ಕೆ ಗಿಟಾರಿನ ವಿದ್ಯುತ್ತನ್ನೇ ಕಳಚಿಟ್ಟು, ಗಣಿಯವರ ಹಳೇ ಹಾಡುಗಳನ್ನೂ ಸೇರಿಸಿ, ಐದೇ ದಿನದಲ್ಲಿ ಒಂದು ಆಲ್ಬಂ ಮುಗಿಸಿದರು. ಆ ಐದು ದಿನದ ತಾರೀಕನ್ನೇ ಅದಕ್ಕೆ ಹೆಸರಾಗಿ ಇಟ್ಟರು. ಈ ಬಗೆಯ ಹಾಡಿಗೆಂದೇ 1995ರಲ್ಲಿ ಒಂದು ಪತ್ರಿಕೆ ಹುಟ್ಟಿತು, ಅದರ ಹೆಸರೂ ‘ನೋ ಡಿಪ್ರೆಶನ್’. ಆದರೆ ಆ ಹೊತ್ತಿಗೆ ಅಂಕಲ್ ಟುಪೆಲೊ ಒಡೆದು ಒಂದು ವರ್ಷವಾಗಿತ್ತು. ಫರಾರ್ ‘ಸನ್ ವೋಲ್ಟ್’ ಎಂಬ ತಂಡ ಕಟ್ಟಿದರು, ಟ್ವೀಡಿ ಉಳಿದವರನ್ನು ಕರೆದುಕೊಂಡು ವಿಲ್ಕೊ ಆರಂಭಿಸಿದರು.

ಅಂದರೆ ವಿಲ್ಕೊದ ಅಭಿಮಾನಿಗಳು ಮೊದಲ ದಿನದಿಂದಲೇ ತಕ್ಕಡಿ ಹಿಡಿದು ಕೂತವರು. 1995ರ ಮಾರ್ಚ್‌ನಲ್ಲಿ ವಿಲ್ಕೊದ ‘ಎ.ಎಂ.’ ಬಂತು. ಹಳೇ ಮೀಡಿಯಂ ವೇವ್ ರೇಡಿಯೋದ ನೆನಪಿನಲ್ಲಿ ಇಟ್ಟ ಹೆಸರು. ಅದೇ ವರ್ಷ ಸನ್ ವೋಲ್ಟ್‌ನ ‘ಟ್ರೇಸ್’ ಕೂಡ ಬಂತು. ವಿಮರ್ಶಕರೂ ಕೇಳುಗರೂ ‘ಟ್ರೇಸ್’ ಮೇಲು ಎಂದರು. ನನ್ನನ್ನು ಕೇಳಿದರೂ ಅದೇ ಉತ್ತರ. ‘ಎ.ಎಂ.’ ಕೇಳಲು ಹಿತವಾಗಿದೆ, ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಆಗ ಟ್ವೀಡಿ ಒಂದು ಕೆಲಸ ಮಾಡಿದರು. 1996ರಲ್ಲಿ ‘ಬೀಯಿಂಗ್ ದೇರ್’ ಎಂಬ ಜೋಡಿ ಆಲ್ಬಂ ತಂದು, ಎರಡು ಡಿಸ್ಕನ್ನೂ ಒಂದರ ಬೆಲೆಗೆ ಮಾರಬೇಕೆಂದು ಕಂಪನಿಯ ಜೊತೆ ಹಟ ಹಿಡಿದು, ಅದಕ್ಕಾಗಿ ತಮಗೆ ಬರಬೇಕಿದ್ದ ರಾಯಧನದಲ್ಲಿ ಕಡಿತ ಒಪ್ಪಿಕೊಂಡರು. ಆ ಆಲ್ಬಂನ ವಸ್ತುವೂ ಕೇಳುಗನೇ. ತನ್ನೂರಿನ ಬೀದಿಗೆ ಮರಳಿದ ರಾಕ್ ಹುಚ್ಚಿನ ಹುಡುಗ, ವೇದಿಕೆಯ ಮೇಲಿನ ನಕ್ಷತ್ರವನ್ನು ಕೆಳಗಿನಿಂದ ನೋಡುತ್ತ ನಿಂತ ಅಭಿಮಾನಿ, ಇಂಥವರೇ ಅದರ ಹಾಡುಗಳಲ್ಲಿ ಬರುವವರು. ಅಭಿಮಾನಿಗಳ ಜೊತೆ ಇಷ್ಟು ನೇರವಾಗಿ ಲೆಕ್ಕಾಚಾರಕ್ಕೆ ಕೂತ ಹಾಡುಗಾರರು ಕಡಿಮೆ.

ಮುಂದೆ 1999ರಲ್ಲಿ ‘ಸಮರ್‌ಟೀತ್’ ಬಂದಾಗ ಪೆಡಲ್ ಸ್ಟೀಲ್ ಗಿಟಾರು, ಬ್ಯಾಂಜೊಗಳ ಕಂಟ್ರಿ ನಾದ ಬಹುಮಟ್ಟಿಗೆ ಹಿಂದೆ ಸರಿದಿತ್ತು. ಕೀಬೋರ್ಡುಗಳ ಮಳೆ. ಅಂಕಲ್ ಟುಪೆಲೊ ಕಾಲದವರಲ್ಲಿ ಒಂದಷ್ಟು ಜನ ಅಲ್ಲಿಗೇ ಇಳಿದುಹೋದರು. ಅವರನ್ನು ನಾನು ದೂರಲಾರೆ.

ಆಮೇಲೆ ಬಂತು ‘ಯಾಂಕೀ ಹೋಟೆಲ್ ಫಾಕ್ಸ್‌ಟ್ರಾಟ್’. ರೇಡಿಯೋ ಮುಂದೆ ಕೂತಿರುವ ನಿಮಗೆ ಈ ಹೆಸರಿನ ಹಿನ್ನೆಲೆ ಹೇಳದಿದ್ದರೆ ತಪ್ಪಾಗುತ್ತದೆ. ಶಾರ್ಟ್‌ವೇವ್‌ನಲ್ಲಿ ಮುಳ್ಳು ತಿರುಗಿಸುತ್ತ ಹೋದರೆ ಕೆಲವೊಮ್ಮೆ ವಿಚಿತ್ರ ಪ್ರಸಾರಗಳು ಸಿಗುತ್ತಿದ್ದವು. ಹಾಡಿಲ್ಲ, ಸುದ್ದಿಯಿಲ್ಲ. ಯಾರೋ ಒಬ್ಬ ಹೆಂಗಸು ಭಾವನೆಯಿಲ್ಲದ ದನಿಯಲ್ಲಿ ಅಂಕಿಗಳನ್ನೋ ಅಕ್ಷರಗಳನ್ನೋ ಓದುತ್ತ ಹೋಗುತ್ತಿದ್ದಳು. ಗೂಢಚಾರರಿಗೆ ಸಂಕೇತ ಕಳಿಸುವ ನಿಲಯಗಳು ಇವು ಎಂದು ನಂಬಿಕೆ. ಇಂಥ ಪ್ರಸಾರಗಳನ್ನು ಕಲೆಹಾಕಿ ‘ಕಾನೆಟ್ ಪ್ರಾಜೆಕ್ಟ್’ ಎಂಬ ಸಂಗ್ರಹ 1997ರಲ್ಲಿ ಬಂದಿತ್ತು. ಅದರಲ್ಲಿನ ಒಂದು ದನಿ ಈ ಮೂರು ಪದಗಳನ್ನು ಮತ್ತೆ ಮತ್ತೆ ಹೇಳುತ್ತದೆ. ಟ್ವೀಡಿ ಅದನ್ನು ಒಂದು ಹಾಡಿನ ಕೊನೆಗೆ ಜೋಡಿಸಿದರು, ಆಲ್ಬಂಗೂ ಅದೇ ಹೆಸರಿಟ್ಟರು. ಸಂಗ್ರಹದ ಪ್ರಕಾಶಕರು ಕೋರ್ಟಿಗೆ ಹೋದರು, ವ್ಯಾಜ್ಯ ರಾಜಿಯಲ್ಲಿ ಮುಗಿಯಿತು.

ಆಲ್ಬಂ ಸಿದ್ಧವಾದದ್ದು 2001ರಲ್ಲಿ. ರಿಪ್ರೈಸ್ ಎಂಬ ಕಂಪನಿಯವರು ಕೇಳಿದರು, ರೇಡಿಯೋದಲ್ಲಿ ಓಡುವಂಥ ಹಾಡು ಒಂದೂ ಇಲ್ಲವೆಂದು ತಳ್ಳಿಹಾಕಿದರು, ಮುದ್ರಣವನ್ನು ತಂಡಕ್ಕೇ ಬಿಟ್ಟುಕೊಟ್ಟರು. ಅಷ್ಟರಲ್ಲಿ ಜೇ ಬೆನೆಟ್ ತಂಡದಿಂದ ಹೊರಬಿದ್ದರು. ತಂಡದ ಬಹುಪಾಲು ನಾದವನ್ನು ರೂಪಿಸುತ್ತಿದ್ದವರು ಅವರೇ. ಸ್ಯಾಮ್ ಜೋನ್ಸ್ ಎಂಬುವರು ತೆಗೆದ ಕಪ್ಪುಬಿಳುಪು ಸಾಕ್ಷ್ಯಚಿತ್ರದಲ್ಲಿ ಒಂದು ದೃಶ್ಯವಿದೆ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಕೆಲವೇ ಕ್ಷಣಗಳ ಸೇರುವೆ ಹೇಗಿರಬೇಕು ಎಂದು ಟ್ವೀಡಿಗೂ ಬೆನೆಟ್ಟರಿಗೂ ವಾದ ಬೀಳುತ್ತದೆ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಅರ್ಥವಾಗುವುದಿಲ್ಲ. ಅರ್ಥವಾಗಿಲ್ಲ ಎಂದು ಒಪ್ಪಲೂ ಇಬ್ಬರೂ ತಯಾರಿಲ್ಲ. ಸ್ವಲ್ಪ ಹೊತ್ತಿಗೆ ಟ್ವೀಡಿ ಎದ್ದುಹೋಗಿ ವಾಂತಿ ಮಾಡಿಕೊಂಡು ಬರುತ್ತಾರೆ. ಅವರಿಗೆ ಚಿಕ್ಕಂದಿನಿಂದ ಅರೆತಲೆನೋವು.

ಕಂಪನಿ ಕೈಬಿಟ್ಟ ಹಾಡುಗಳನ್ನು ತಂಡದವರು ಸೆಪ್ಟೆಂಬರ್ 18ರಂದು ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಕೇಳಲು ಇಟ್ಟರು. ಆ ತಾರೀಕು ಗಮನಿಸಿ, ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿ ಸರಿಯಾಗಿ ಒಂದು ವಾರ. ಆಲ್ಬಂನ ಮುಖಚಿತ್ರದಲ್ಲಿ ಷಿಕಾಗೊದ ಎರಡು ಗೋಪುರಗಳು. ಒಂದು ಹಾಡಿನಲ್ಲಿ ಎತ್ತರದ ಕಟ್ಟಡಗಳು ಅಲುಗುತ್ತವೆ, ಇನ್ನೊಂದರ ಶೀರ್ಷಿಕೆಯಲ್ಲೇ ಬೂದಿಯಾದ ಬಾವುಟಗಳಿವೆ. ಎಲ್ಲವೂ ಆ ದುರಂತಕ್ಕೆ ತಿಂಗಳುಗಳ ಮುಂಚೆ ಮುಗಿಸಿದ್ದು. ಆದರೆ ಆ ಚಳಿಗಾಲದಲ್ಲಿ ಕೇಳಿದವರಿಗೆ ಅದು ಬೇರೆ ಹೇಗೆ ಕೇಳಿಸೀತು? ಅಂಗಡಿಗೆ ಬಾರದ ಆಲ್ಬಂನ ಹಾಡುಗಳನ್ನು ಸಭಿಕರು ಕಛೇರಿಗಳಲ್ಲಿ ಬಾಯಿಪಾಠ ಹೇಳತೊಡಗಿದ್ದರು. 2002ರ ಏಪ್ರಿಲ್‌ನಲ್ಲಿ ನಾನ್‌ಸಚ್ ಎಂಬ ಇನ್ನೊಂದು ಕಂಪನಿ ಅದನ್ನು ಹೊರತಂದಿತು. ತಳ್ಳಿದ ರಿಪ್ರೈಸ್, ಎತ್ತಿಕೊಂಡ ನಾನ್‌ಸಚ್, ಎರಡೂ ವಾರ್ನರ್ ಎಂಬ ಒಂದೇ ಮನೆಯ ಮಕ್ಕಳು ಎಂಬುದು ಈ ಕಥೆಯ ತಮಾಷೆ. ಪಿಚ್‌ಫೋರ್ಕ್ ಎಂಬ ಸಂಗೀತ ಪತ್ರಿಕೆ ಆಲ್ಬಂಗೆ ಹತ್ತಕ್ಕೆ ಹತ್ತು ಅಂಕ ಕೊಟ್ಟಿತು.

ಇಷ್ಟೆಲ್ಲ ವಿವರ ಯಾಕೆ ಹೇಳಿದೆನೆಂದರೆ, ಮುಂದಿನ ಇಪ್ಪತ್ತು ವರ್ಷ ಆ ತಂಡ ಏನೇ ತಂದರೂ ಅಭಿಮಾನಿ ಅದನ್ನು ಇದರ ಪಕ್ಕದಲ್ಲಿಟ್ಟು ನೋಡಿದ. ಅದರಲ್ಲಿದ್ದದ್ದು ಹಾಡು ಮಾತ್ರವಲ್ಲವಲ್ಲ. ದೊಡ್ಡ ಕಂಪನಿಯ ಮುಂದೆ ಸಣ್ಣ ತಂಡ ಗೆದ್ದ ಕಥೆ ಇತ್ತು, ದೇಶದ ದುಃಖ ಇತ್ತು, ಗುಟ್ಟಾಗಿ ಮೊದಲೇ ಕೇಳಿದ್ದೇವೆಂಬ ಹೆಮ್ಮೆ ಇತ್ತು. ಇವುಗಳಲ್ಲಿ ಒಂದನ್ನೂ ಟ್ವೀಡಿ ಸ್ಟುಡಿಯೋದಲ್ಲಿ ಕೂತು ಮತ್ತೆ ತಯಾರಿಸಲು ಸಾಧ್ಯವಿರಲಿಲ್ಲ. ಹೊಸ ಆಲ್ಬಂ ಬಂದ ವಾರದಲ್ಲಿ ಅಭಿಮಾನಿ ಕೊಡುವ ತೀರ್ಪು ಬಹುಮಟ್ಟಿಗೆ ಅವನು ಮೊದಲು ಮನಸೋತ ಆಲ್ಬಂನ ವಿಷಯದ್ದು ಎಂಬುದು ನನ್ನ ಎಣಿಕೆ.

2004ರ ‘ಎ ಗೋಸ್ಟ್ ಈಸ್ ಬಾರ್ನ್’ ತೆಗೆದುಕೊಳ್ಳಿ. ಅದರಲ್ಲಿ ‘ಲೆಸ್ ದ್ಯಾನ್ ಯು ಥಿಂಕ್’ ಎಂಬ ಹಾಡು 15 ನಿಮಿಷದ್ದು. ಹಾಡಿನ ಭಾಗ ಮೂರೇ ನಿಮಿಷ. ಮಿಕ್ಕ ಹನ್ನೆರಡು ನಿಮಿಷ ಯಂತ್ರಗಳ ಗುಂಯ್‌ಗುಟ್ಟುವಿಕೆ, ಸೀಳುದನಿ, ಎಲ್ಲೋ ಪಂಪ್‌ಸೆಟ್ ಓಡುತ್ತಿರುವಂಥ ಒಂದೇ ಸಮನೆ ಮೊರೆತ. ತಮ್ಮ ಅರೆತಲೆನೋವನ್ನು ನಾದದಲ್ಲಿ ಹೇಳುವ ಪ್ರಯತ್ನ ಅದು ಎಂದು ಟ್ವೀಡಿ ವಿವರಿಸಿದ್ದಾರೆ. ಬಹುತೇಕ ಅಭಿಮಾನಿಗಳಿಗೆ ಇದು ಹಿಡಿಸುವುದಿಲ್ಲ ಎಂದೂ ತಾವೇ ಮೊದಲೇ ಹೇಳಿಬಿಟ್ಟಿದ್ದರು. ಆಲ್ಬಂ ಬಿಡುಗಡೆಯ ಹೊಸ್ತಿಲಲ್ಲಿ ಅವರು ನೋವಿನ ಮಾತ್ರೆಗಳ ಚಟ ಬಿಡಿಸಿಕೊಳ್ಳಲು ಆಸ್ಪತ್ರೆ ಸೇರಿದರು, ಬಿಡುಗಡೆಯೇ ಮುಂದೆ ಹೋಯಿತು. ಅಭಿಮಾನಿಗಳಲ್ಲಿ ಒಂದು ಪಾಳೆಯ ಇದನ್ನು ಧೈರ್ಯ ಎಂದಿತು, ಇನ್ನೊಂದು ದುರಹಂಕಾರ ಎಂದಿತು. ಗ್ರ್ಯಾಮಿಯವರು ಪ್ರಶಸ್ತಿ ಕೊಟ್ಟರು. ನಾನು ಆ ಹನ್ನೆರಡು ನಿಮಿಷವನ್ನು ಗೌರವಿಸುತ್ತೇನೆ, ಆದರೆ ಕೇಳುವುದಿಲ್ಲ. ಒಬ್ಬ ಮನುಷ್ಯನ ನೋವು ನಿಜವೆಂಬ ಕಾರಣಕ್ಕೆ ಅವನ ಗೌಜು ಸಂಗೀತವಾಗಬೇಕೆಂದಿಲ್ಲ.

ಈಗ ನನ್ನ ಮುಖ್ಯ ಉದಾಹರಣೆಗೆ ಬರುತ್ತೇನೆ. 2007ರ ಮೇ ತಿಂಗಳಲ್ಲಿ ‘ಸ್ಕೈ ಬ್ಲೂ ಸ್ಕೈ’ ಬಂತು. ಟ್ವೀಡಿ ಚಟದಿಂದ ಹೊರಬಂದಿದ್ದರು. ತಂಡಕ್ಕೆ ಇಬ್ಬರು ಹೊಸಬರು ಬಂದಿದ್ದರು, ಪ್ಯಾಟ್ ಸ್ಯಾನ್ಸೋನ್ ಮತ್ತು ನೆಲ್ಸ್ ಕ್ಲೈನ್. ಷಿಕಾಗೊದ ತಮ್ಮ ಸ್ವಂತ ಅಟ್ಟದ ಸ್ಟುಡಿಯೋದಲ್ಲಿ ಆರೂ ಜನ ಎದುರುಬದುರು ಕೂತು ಬಹುಪಾಲು ಒಟ್ಟಿಗೇ ನುಡಿಸಿ ಮುದ್ರಿಸಿದ್ದರು. ಗೌಜಿಲ್ಲ, ಗೂಢಚಾರಿಣಿಯ ದನಿಯಿಲ್ಲ. ತಿಳಿಯಾದ ಗಿಟಾರ್, ತಿಳಿಯಾದ ಮಾತು. ಅಮೆರಿಕದ ಮಾರಾಟದ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ನೆಗೆಯಿತು. ತಂಡ ಅಷ್ಟು ಮೇಲೆ ಹಿಂದೆಂದೂ ಹೋಗಿರಲಿಲ್ಲ. ಐದು ವರ್ಷದ ಹಿಂದೆ ಹತ್ತಕ್ಕೆ ಹತ್ತು ಕೊಟ್ಟಿದ್ದ ಅದೇ ಪಿಚ್‌ಫೋರ್ಕ್ ಈ ಬಾರಿ ಕೊಟ್ಟದ್ದು 5.2. ‘ಡ್ಯಾಡ್ ರಾಕ್’ ಎಂಬ ಹಣೆಪಟ್ಟಿಯನ್ನು ಅದರ ವಿಮರ್ಶಕರು ಅಂಟಿಸಿದರು, ಅಂದರೆ ಅಪ್ಪಂದಿರು ಆರಾಮಕುರ್ಚಿಯಲ್ಲಿ ಕೂತು ಕೇಳುವ ರಾಕ್. ಹನ್ನೆರಡು ವರ್ಷದ ನಂತರ ಅದೇ ವಿಮರ್ಶಕರು ಆ ಮಾತಿಗಾಗಿ ವಿಷಾದಿಸಿ ಒಂದು ಲೇಖನ ಬರೆದರು. ಆದರೆ ಹಣೆಪಟ್ಟಿಗೆ ಬಳಸಿದ ಅಂಟು ಗಟ್ಟಿಯಾಗಿತ್ತು.

ಅಭಿಮಾನಿಗಳ ದೂರು ಏನು? ಕೆಲವರಿಗೆ ಮುದಿತನ ಕಂಡಿತು. ಕೆಲವರಿಗೆ ಟ್ವೀಡಿ ಗುಣಮುಖರಾದದ್ದೇ ಸಂಗೀತಕ್ಕೆ ಕೇಡಾಯಿತು ಎನಿಸಿತು. ಬಾಯಿಬಿಟ್ಟು ಹೇಳಲು ಹಿಂಜರಿದರೂ ಹಲವರ ಮನಸ್ಸಿನಲ್ಲಿದ್ದದ್ದು ಇದೇ. ಕಲಾವಿದ ನರಳಬೇಕು, ನಾವು ಕೇಳಿ ಆನಂದಿಸಬೇಕು ಎಂಬ ಈ ಬಯಕೆಯಷ್ಟು ಕ್ರೂರವಾದದ್ದು ರಸಿಕತೆಯಲ್ಲಿ ಇನ್ನೊಂದಿಲ್ಲ. ಅದೇ ವರ್ಷ ಫೋಕ್ಸ್‌ವ್ಯಾಗನ್ ಕಾರಿನ ಜಾಹೀರಾತುಗಳಲ್ಲಿ ಆಲ್ಬಂನ ಹಾಡುಗಳು ಬಂದವು. ಮಾರಿಕೊಂಡರು ಎಂಬ ಕೂಗೂ ಎದ್ದಿತು. ರೇಡಿಯೋ ನಿಲಯಗಳು ನಮ್ಮಂಥವರ ಹಾಡು ಹಾಕುವುದು ಕಷ್ಟವಾಗಿದೆ, ಹಾಡು ಜನರಿಗೆ ಮುಟ್ಟಲು ಇದೂ ಒಂದು ದಾರಿ, ನಮ್ಮಲ್ಲೇ ಕೆಲವರು ಆ ಕಾರು ಓಡಿಸುತ್ತೇವೆ ಎಂದು ತಂಡದವರು ಹೇಳಿಕೆ ಕೊಟ್ಟರು. ರೇಡಿಯೋದ ಕೂಸಾದ ಸಂಗೀತಕ್ಕೆ ರೇಡಿಯೋದಲ್ಲೇ ಜಾಗ ಇಲ್ಲವಾದಾಗ ಅದು ಕಾರಿನ ಜಾಹೀರಾತಿಗೆ ಹೋದರೆ ತಪ್ಪು ಹಾಡುಗಾರನೊಬ್ಬನದೇ ಎಂದು ನನಗೆ ಅನಿಸುವುದಿಲ್ಲ.

ಆ ಆಲ್ಬಂನಲ್ಲಿ ‘ಹೇಟ್ ಇಟ್ ಹಿಯರ್’ ಎಂಬ ಹಾಡಿದೆ. ಹೆಂಡತಿ ಬಿಟ್ಟುಹೋದ ಮನೆಯಲ್ಲಿ ಒಬ್ಬ ಗಂಡಸು. ಮನಸ್ಸು ಬೇರೆ ಕಡೆ ಹೊರಳಲಿ ಎಂದು ಪಾತ್ರೆ ತೊಳೆಯುತ್ತಾನೆ, ಅಂಗಳದ ಹುಲ್ಲು ಕತ್ತರಿಸುತ್ತಾನೆ, ಬಟ್ಟೆ ಒಗೆಯುವ ಯಂತ್ರ ನಡೆಸುವುದನ್ನು ಕಲಿಯುತ್ತಾನೆ. ಎಲ್ಲ ಕೆಲಸ ಮುಗಿದ ಮೇಲೆ ಏನು ಮಾಡಬೇಕೆಂದು ಅವನಿಗೆ ಗೊತ್ತಿಲ್ಲ. ಅಷ್ಟೇ ಹಾಡು. ಇದನ್ನು ಕೇಳಿ ನಕ್ಕವರು ತುಂಬ ಜನ, ರಾಕ್ ಸಂಗೀತದಲ್ಲಿ ಪಾತ್ರೆ ತೊಳೆಯುವುದೇ ಎಂದು. ಆದರೆ ಕಂಟ್ರಿ ಸಂಗೀತದ ಹೂರಣವೇ ಇದು. ಮನೆ, ಬಿಟ್ಟುಹೋದವಳು, ಕೈಗೆ ಸಿಕ್ಕ ಕೆಲಸ, ಅಲಂಕಾರವಿಲ್ಲದ ಮಾತು. ಪೆಡಲ್ ಸ್ಟೀಲ್ ಬೇಕು, ಬ್ಯಾಂಜೊ ಬೇಕು ಎಂದು ಎಂಟು ವರ್ಷದಿಂದ ಹಲುಬುತ್ತಿದ್ದ ಹಳೇ ಅಭಿಮಾನಿಗಳಿಗೆ ಆ ಕಂಟ್ರಿ ಸಾಹಿತ್ಯದ ಬಾಗಿಲಿನಿಂದ ಒಳಬಂದದ್ದು ಕಾಣಲಿಲ್ಲ. ಹಾಗೆಂದು ಆಲ್ಬಂ ಪೂರ್ತಿ ಚೊಕ್ಕವೇನಲ್ಲ. ‘ಶೇಕ್ ಇಟ್ ಆಫ್’ ಹಾಡು ಬಂದರೆ ನಾನೂ ದಾಟಿಸಿಬಿಡುತ್ತೇನೆ.

ಇನ್ನೊಂದು ಹಾಡು ‘ಇಂಪಾಸಿಬಲ್ ಜರ್ಮನಿ’. ಸುಮಾರು ಆರು ನಿಮಿಷ. ಹಾಡನ್ನು ಇಲ್ಲಿ ಕೇಳಿಸುವ ಅವಕಾಶವಿಲ್ಲ, ಮಾತಿನಲ್ಲೇ ಹೇಳುತ್ತೇನೆ. ಮೊದಲ ಅರ್ಧದಲ್ಲಿ ಟ್ವೀಡಿ ಹೆಚ್ಚು ಆಯಾಸವಿಲ್ಲದೆ ಕೆಲವು ಸಾಲು ಹಾಡಿ ಸುಮ್ಮನಾಗುತ್ತಾರೆ. ಆಮೇಲೆ ನೆಲ್ಸ್ ಕ್ಲೈನ್ ಗಿಟಾರ್ ಹಿಡಿಯುತ್ತಾರೆ. ಈತ ಲಾಸ್ ಏಂಜಲೀಸ್‌ನ ಜಾಜ್ ಮನುಷ್ಯ, ಜಾನ್ ಕೋಲ್ಟ್ರೇನ್‌ರ ಕಠಿಣವಾದ ಒಂದು ಇಡೀ ಆಲ್ಬಂ ಅನ್ನು ಗಿಟಾರಿಗೆ ತಂದವರು. ಇಲ್ಲಿ ಅವಸರವಿಲ್ಲದೆ ಆರಂಭಿಸಿ ಒಂದೊಂದೇ ಸ್ವರ ಇಟ್ಟು ಮೇಲೇರುತ್ತಾರೆ. ಅವರು ಎತ್ತರಕ್ಕೆ ಹೋದಾಗ ಟ್ವೀಡಿ ಮತ್ತು ಸ್ಯಾನ್ಸೋನ್ ಕೆಳಗಿನಿಂದ ಎರಡು ಗಿಟಾರುಗಳಲ್ಲಿ ಒಂದೇ ಚಿಕ್ಕ ಎಳೆಯನ್ನು ಜೊತೆಜೊತೆಯಾಗಿ ನುಡಿಸುತ್ತ ಬರುತ್ತಾರೆ. ಮೂರೂ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಮುದ್ರಣದಲ್ಲಿ ಇದು ಚೆಂದ. ವೇದಿಕೆಯ ಮೇಲೆ ಬೇರೆಯೇ ಆಯಿತು. ಕ್ಲೈನ್ ಒಂದು ದಿನ ನುಡಿಸಿದಂತೆ ಇನ್ನೊಂದು ದಿನ ನುಡಿಸುವುದಿಲ್ಲ, ಪೂರಾ ಮನೋಧರ್ಮ. ಕ್ರಮೇಣ ಸಭಿಕರು ಇದಕ್ಕಾಗಿಯೇ ಕಾಯತೊಡಗಿದರು. ಹತ್ತಕ್ಕೆ ಐದು ಚಿಲ್ಲರೆ ಅಂಕ ಪಡೆದ ಆಲ್ಬಂನ ಹಾಡು ಇವತ್ತು ತಂಡದ ಕಛೇರಿಯ ಮುಖ್ಯ ಕೃತಿಗಳಲ್ಲೊಂದು.

ಹಾಗಾದರೆ 2007ರಲ್ಲಿ ಗೊಣಗಿದವರಿಗೆ ಕಿವಿ ಇರಲಿಲ್ಲವೇ? ಇತ್ತು. ಅವರು ಕೇಳಿದ್ದು ಮುದ್ರಿತ ಆರು ನಿಮಿಷವನ್ನು, ಅದೂ ಹೊಸ ತಂಡದವರು ಒಬ್ಬರಿಗೊಬ್ಬರು ಹೊಂದಿಕೊಳ್ಳುತ್ತಿದ್ದ ಕಾಲದ್ದನ್ನು. ಹಾಡು ಬೆಳೆದದ್ದು ಆಮೇಲೆ, ಊರಿಂದೂರಿಗೆ, ಅವರೇ ದುಡ್ಡು ಕೊಟ್ಟು ಹೋಗಿ ನಿಂತ ಸಭೆಗಳಲ್ಲಿ. ಗೊಣಗಿದವರು ಗೊಣಗುತ್ತಲೇ ಟಿಕೆಟ್ ಕೊಂಡರು ಎಂಬುದನ್ನು ಮರೆಯಬಾರದು. ತಂಡದವರಿಗೂ ಇದರ ಅರಿವಿದೆ. ಮ್ಯಾಸಚೂಸೆಟ್ಸ್‌ನ ನಾರ್ತ್ ಆಡಮ್ಸ್‌ನಲ್ಲಿ ಹಳೇ ಕಾರ್ಖಾನೆಯೊಂದು ಈಗ ಕಲಾ ಸಂಗ್ರಹಾಲಯವಾಗಿದೆ. ಅಲ್ಲಿ 2010ರಿಂದ ವಿಲ್ಕೊದವರು ‘ಸಾಲಿಡ್ ಸೌಂಡ್’ ಎಂಬ ಉತ್ಸವ ನಡೆಸುತ್ತ ಬಂದಿದ್ದಾರೆ. 2013ರಲ್ಲಿ ಒಂದು ಸಂಜೆ ಪೂರ್ತಿ ಕೇಳುಗರ ಕೋರಿಕೆಗೆ ಮೀಸಲಿಟ್ಟರು. ಬಹುಪಾಲು ಬೇರೆಯವರ ಹಾಡುಗಳು, ಜನ ಏನು ಕೇಳಿದರೋ ಅದು. ನಮ್ಮ ಆಕಾಶವಾಣಿಯ ಕೋರಿಕೆ ಕಾರ್ಯಕ್ರಮದ ಹಾಗೆ, ಆದರೆ ಡಿಸ್ಕ್ ಹಾಕುವ ಬದಲು ನುಡಿಸಿಯೇ ತೋರಿಸಬೇಕು.

ನಡುವಿನ ಆಲ್ಬಂಗಳನ್ನು ಬಿಟ್ಟು 2022ಕ್ಕೆ ಬರುತ್ತೇನೆ. ಆ ವರ್ಷದ ‘ಕ್ರೂಯೆಲ್ ಕಂಟ್ರಿ’ ಮತ್ತೆ ಜೋಡಿ ಆಲ್ಬಂ, 21 ಹಾಡು. ಆರು ಜನ ಒಂದೇ ಕೋಣೆಯಲ್ಲಿ ಕೂತು ನುಡಿಸಿದ್ದು. ಕಂಟ್ರಿ ಎಂಬ ಹಣೆಪಟ್ಟಿಗೆ ಮುಜುಗರಪಡುತ್ತ ಬಂದಿದ್ದ ಟ್ವೀಡಿ ಈ ಸಲ ತಾವಾಗಿ ಅದನ್ನು ಹಚ್ಚಿಕೊಂಡರು. ಹೆಸರು ಎರಡು ಕಡೆ ಕಡಿಯುವಂಥದ್ದು, ಅದರಲ್ಲಿ ಆ ಸಂಗೀತವೂ ಇದೆ, ಅವರ ದೇಶವೂ ಇದೆ. 1999ರಲ್ಲಿ ಇಳಿದುಹೋದವರು ಕಾಯುತ್ತಿದ್ದದ್ದು ಇದಕ್ಕೇ ಅಲ್ಲವೇ? ಕೆಲವರು ಖುಷಿಪಟ್ಟರು. ಉಳಿದವರು ಉದ್ದ ಹೆಚ್ಚಾಯಿತು, ನಿಧಾನ ಹೆಚ್ಚಾಯಿತು, ಹತ್ತು ಹಾಡು ತೆಗೆದಿದ್ದರೆ ಅಪ್ಪಟವಾಗುತ್ತಿತ್ತು ಎಂದರು. ಯಾವ ಹತ್ತು ಎಂದು ಕೇಳಿದರೆ ಇಬ್ಬರ ಪಟ್ಟಿ ಒಂದಾಗುವುದಿಲ್ಲ. ನನ್ನ ಮಟ್ಟಿಗೆ ಎರಡನೇ ಡಿಸ್ಕ್ ಮೊದಲನೆಯದಕ್ಕಿಂತ ಮೇಲು. ಮರುವರ್ಷವೇ ವೇಲ್ಸ್‌ನ ಕೇಟ್ ಲೆ ಬಾನ್ ಅವರನ್ನು ನಿರ್ಮಾಪಕಿಯಾಗಿ ಕರೆಸಿ ‘ಕಸಿನ್’ ಎಂಬ ಆಲ್ಬಂ ತಂದರು. ಅದರಲ್ಲಿ ನಾದ ಮತ್ತೆ ಓರೆಕೋರೆಯಾಗಿತ್ತು. ಆಗಷ್ಟೇ ಕಂಟ್ರಿಗೆ ಹೊಂದಿಕೊಂಡವರು ಮತ್ತೆ ಹುಬ್ಬು ಗಂಟಿಕ್ಕಿದರು.

ಈ ತಂಡವನ್ನು ಹೊಸದಾಗಿ ಕೇಳಬೇಕೆನ್ನುವವರು ‘ಬೀಯಿಂಗ್ ದೇರ್’ನಿಂದ ಆರಂಭಿಸುವುದು ಒಳ್ಳೆಯದು ಎಂಬುದು ನನ್ನ ಸಲಹೆ. ಅದರಲ್ಲಿ ಕಂಟ್ರಿಯೂ ಇದೆ, ಮುಂದೆ ಬರುವ ಗೌಜಿನ ಬೀಜವೂ ಇದೆ, ಹಾಗಾಗಿ ಆಮೇಲೆ ಯಾವ ಕಡೆ ಹೊರಳಿದರೂ ಮೋಸಹೋದೆವೆಂಬ ಭಾವನೆ ಕಡಿಮೆ. ನೇರವಾಗಿ 2002ರ ಆಲ್ಬಂಗೆ ಹೋದಿರೋ, ಆಗ 2007ರದ್ದು ಸಪ್ಪೆ ಎಂದು ದೂರುವ ಪಾಳೆಯಕ್ಕೆ ನೀವೂ ಸೇರಿಬಿಡಬಹುದು. ‘ಎ ಗೋಸ್ಟ್ ಈಸ್ ಬಾರ್ನ್’ ಹಾಕಿದರೆ ‘ಲೆಸ್ ದ್ಯಾನ್ ಯು ಥಿಂಕ್’ ಮೂರು ನಿಮಿಷ ದಾಟಿದ ಕೂಡಲೇ ಧಾರಾಳವಾಗಿ ಮುಂದಿನ ಹಾಡಿಗೆ ಹೋಗಿ. ಅದಾದ ಮೇಲೆ ಬರುವುದು ಆಲ್ಬಂನ ಕೊನೆಯ ಹಾಡು, ಎರಡೂವರೆ ನಿಮಿಷದ್ದು, ಲವಲವಿಕೆಯದು. ಅದನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ.